ಒಂದೇ ಕಂದಿನ ಮೇಲೆ ನಿಂತ ತೋಟ

ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು 2005–06ರ ಸಾಲಿನಲ್ಲಿ. ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು, ಗಿಡಕ್ಕೆ ಸಿಗಲಿಲ್ಲ. ಕಪಿಲೆಯ ಸೀಮೆಯಲ್ಲಿ ಒಂದು ಕಾಲಕ್ಕೆ ನೂರಾರು ಎಕರೆಯಲ್ಲಿದ್ದ ಈ ಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಹತ್ತಾರು ಎಕರೆಗೆ ಕುಸಿಯಿತು. ಮಣ್ಣು ಕೆಟ್ಟಿತು, ರೈತರಿಗೆ ಆಸಕ್ತಿ ಹೋಯಿತು, ಬೆಲೆ ಸಿಗಲಿಲ್ಲ ಎಂದು ನಾವು ಕಾರಣಗಳನ್ನು ಹುಡುಕುತ್ತೇವೆ. ಇವೆಲ್ಲದರಲ್ಲೂ ಸ್ವಲ್ಪ ನಿಜವಿದೆ. ಆದರೆ ಇವಕ್ಕಿಂತ ಹಿಂದೆ ಇನ್ನೊಂದು ಕಾರಣವಿದೆ: ಬಾಳೆ ಸಂತಾನ ಬೆಳೆಸುವ ರೀತಿ. ನಮ್ಮ ತೋಟಗಾರಿಕೆ ನೀತಿ ಈ ಜೀವವಿಜ್ಞಾನವನ್ನು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನ ತಕರಾರು.

ನಾವು ಬಾಳೆಯ ಕಾಂಡ ಎಂದುಕೊಂಡಿರುವುದು ಎಲೆಗಳ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡ ದಿಂಡು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಗಡ್ಡೆಯ ಕಣ್ಣಿನಲ್ಲಿರುವ ಕೋಶಗಳು ಸಮವಿಭಜನೆಯಿಂದ ಹೆಚ್ಚುತ್ತವೆ. ಪ್ರತಿ ಕೋಶವೂ ಒಡೆಯುವ ಮುನ್ನ ತನ್ನ ವರ್ಣತಂತುಗಳನ್ನೆಲ್ಲ ನಕಲು ಮಾಡಿಕೊಂಡು, ಎರಡು ಮರಿಕೋಶಗಳಿಗೆ ಒಂದೊಂದು ಪೂರ್ತಿ ಪ್ರತಿಯನ್ನು ಹಂಚುತ್ತದೆ. ಹೀಗೆ ಎದ್ದ ಕಂದು ತಾಯಿಯ ಮಗಳಲ್ಲ, ತಾಯಿಯೇ. ರಸಬಾಳೆಯಲ್ಲೂ ಪಚ್ಚಬಾಳೆಯಲ್ಲೂ ಹನ್ನೊಂದು ವರ್ಣತಂತುಗಳ ಮೂರು ಗುಂಪು, ಒಟ್ಟು 33 ಇವೆ. ಸಮವಿಭಜನೆಗೆ ಇದು ಅಡ್ಡಿಯಲ್ಲ. ಬೀಜ ಕಟ್ಟಲು ಬೇಕಾದ ಅರೆವಿಭಜನೆಯಲ್ಲಿ ಮಾತ್ರ ಪ್ರತಿ ವರ್ಣತಂತುವಿಗೂ ಒಂದು ಜೋಡಿ ಬೇಕು. ಮೂರಿದ್ದಾಗ ಒಂದು ಒಂಟಿಯಾಗಿ ಉಳಿದು ಹಂಚಿಕೆ ಕೆಡುತ್ತದೆ. ಹಣ್ಣಿನ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗಲಾರದೆ ನಿಂತವು. ಆದ್ದರಿಂದ ಒಂದು ತಳಿಯ ತೋಟದಲ್ಲಿ ಸಾವಿರ ಗಿಡಗಳಿದ್ದರೂ, ಅಲ್ಲೊಂದು ಇಲ್ಲೊಂದು ಸಣ್ಣ ಮಾರ್ಪಾಡು ಬಿಟ್ಟರೆ, ಅವೆಲ್ಲ ತಲೆಮಾರುಗಳಿಂದ ತುಂಡು ತುಂಡಾಗಿ ಮುಂದುವರಿದ ಒಂದೇ ಗಿಡ.

ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಬೀಜದಿಂದ ಬೆಳೆಸಿದ್ದರೆ ರಸಬಾಳೆಯ ರುಚಿ ಒಂದೆರಡು ತಲೆಮಾರಿನಲ್ಲೇ ಚದುರಿ ಹೋಗುತ್ತಿತ್ತು. ಯಾರೋ ಒಬ್ಬ ಹಳೆಯ ಬೇಸಾಯಗಾರ ಒಂದು ಒಳ್ಳೆಯ ಗಿಡವನ್ನು ಗುರುತಿಸಿ ಅದರ ಕಂದನ್ನು ಪಕ್ಕದ ಪಾತಿಯಲ್ಲಿ ಊರಿದ್ದರಿಂದಲೇ ಆ ಹಣ್ಣು ಇಂದಿನವರೆಗೆ ಬಂದಿದೆ. ಶುಂಠಿ, ಅರಿಶಿಣ, ವೀಳ್ಯದೆಲೆ, ಕಬ್ಬು, ಕಸಿ ಮಾವು ಎಲ್ಲವೂ ಇದೇ ದಾರಿಯವು. ತೊಂದರೆ ಇರುವುದು ನಕಲಿನಲ್ಲಿ ಅಲ್ಲ, ಒಂದೇ ನಕಲನ್ನು ಸೀಮೆಗೆಲ್ಲ ಹರಡುವುದರಲ್ಲಿ. ಒಂದು ಗಿಡವನ್ನು ಕೊಲ್ಲಲು ಕಲಿತ ರೋಗಾಣುವಿಗೆ ಅಲ್ಲಿ ಎಲ್ಲ ಗಿಡಗಳನ್ನೂ ಕೊಲ್ಲಲು ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದ ಆಕ್ಷೇಪ. ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರದಲ್ಲೂ ಲೈಂಗಿಕ ಸಂತಾನೋತ್ಪತ್ತಿ ಕಂಡುಬಂದಿಲ್ಲ. ಅದೂ ಕೋಶ ಒಡೆದು, ಬೀಜಕಣ ಉದುರಿಸಿಯೇ ಹೆಚ್ಚುತ್ತದೆ. ಹಾಗಿದ್ದರೆ ಅದು ಗೆಲ್ಲುವುದು, ಬಾಳೆ ಸೋಲುವುದು ಏಕೆ? ಉತ್ತರ ಸಂಖ್ಯೆಯಲ್ಲಿದೆ. ಸೋಂಕಿದ ಒಂದು ತೋಟದ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಬೀಜಕಣಗಳು ಇರುತ್ತವೆ. ಪ್ರತಿ ವಿಭಜನೆಯಲ್ಲೂ ನಕಲಿನ ತಪ್ಪು ನುಸುಳುವ ಅವಕಾಶವಿದೆ. ಆ ತಪ್ಪುಗಳಲ್ಲಿ ಯಾವುದಾದರೂ ಒಂದು ಉಪಯೋಗಕ್ಕೆ ಬಂದರೆ ಅದೇ ಬದುಕಿ ತೋಟವನ್ನು ತುಂಬುತ್ತದೆ. ಸಾಲದ್ದಕ್ಕೆ, ಈ ಶಿಲೀಂಧ್ರದ ಪಂಗಡಗಳು ಇಡೀ ವರ್ಣತಂತುವನ್ನೇ ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲವು ಎಂದು ಟೊಮೆಟೊ ರೋಗದ ಮೇಲಿನ ಪ್ರಯೋಗಗಳು ತೋರಿಸಿವೆ. ಬಾಳೆಗೆ ಈ ಸೌಲಭ್ಯವಿಲ್ಲ. ಅದರ ತಲೆಮಾರು ಎಂದರೆ ಒಂದು ವರ್ಷದ ಮಾತು, ಮುಂದಿನ ಕಂದನ್ನು ಆರಿಸುವವನು ರೈತ, ಅವನು ಆರಿಸುವುದು ಗೊನೆಯ ತೂಕ ನೋಡಿ. ಕೆಂಪುಬಾಳೆಯ ತೋಟದಲ್ಲಿ ಹಸಿರು ಗೊನೆ ಬಿಡುವಂಥ ಮಾರ್ಪಾಡುಗಳು ಬಾಳೆಯಲ್ಲೂ ಆಗುತ್ತವೆ, ನಿಜ. ಎತ್ತರ ಕುಗ್ಗಿದ, ಬಣ್ಣ ಬದಲಾದ ತಳಿಗಳು ನಮಗೆ ಹಾಗೆಯೇ ದಕ್ಕಿವೆ. ಆದರೆ ರೋಗದ ವೇಗಕ್ಕೆ ಹೋಲಿಸಿದರೆ ಆ ದಾರಿ ತೀರ ನಿಧಾನ.

ಇದು ಊಹೆಯ ಮಾತಲ್ಲ, ಒಮ್ಮೆ ಆಗಿ ಹೋದದ್ದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ರಫ್ತು ಮಾರುಕಟ್ಟೆಯನ್ನು ಆಳಿದ್ದು ಗ್ರೋ ಮಿಷೆಲ್ ಎಂಬ ಒಂದೇ ಬಾಳೆ. ಮಧ್ಯ ಅಮೆರಿಕದ ತೋಟಗಳನ್ನು ಪನಾಮಾ ರೋಗ ಒಂದೊಂದಾಗಿ ನುಂಗಿತು. 1960ರ ದಶಕದ ಹೊತ್ತಿಗೆ ಕಂಪನಿಗಳು ಅದನ್ನು ಕೈಬಿಟ್ಟು, ರೋಗದ ಆ ಪಂಗಡವನ್ನು ತಡೆಯುವ ಕ್ಯಾವೆಂಡಿಷ್ ಗುಂಪಿಗೆ ಹೊರಳಿದವು. ನಮ್ಮ ಪಚ್ಚಬಾಳೆಯೂ ಜಿ-9 ಎಂದು ಕರೆಯುವ ಗ್ರ್ಯಾಂಡ್ ನೈನ್ ಕೂಡ ಇದೇ ಗುಂಪಿನವು. ಪಾಠ ಕಲಿಯಲಿಲ್ಲ, ಒಂದರ ಜಾಗಕ್ಕೆ ಇನ್ನೊಂದು ಒಂದೇ ತಳಿ ಬಂತು. ಈಗ ಟಿಆರ್-4 ಎಂಬ ಹೊಸ ಪಂಗಡ ಕ್ಯಾವೆಂಡಿಷ್ ಅನ್ನೂ ಕೊಲ್ಲುತ್ತಿದೆ. ಆಗ್ನೇಯ ಏಷ್ಯಾದಿಂದ ಹೊರಟು 2019ರಲ್ಲಿ ಕೊಲಂಬಿಯಾ, 2021ರಲ್ಲಿ ಪೆರು ತಲುಪಿತು. ನಮ್ಮ ದೇಶದಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳಲ್ಲಿ ಆಗಲೇ ಕಾಣಿಸಿಕೊಂಡಿದೆ.

ಟಿಶ್ಯೂ ಕಲ್ಚರ್ ಸಸಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಪ್ರಯೋಗಶಾಲೆಯಲ್ಲಿ ಕುಡಿಯ ತುದಿಯಿಂದ ಬೆಳೆಸಿದ ಸಸಿಯಲ್ಲಿ ಸೊರಗು ರೋಗ ಇರುವುದಿಲ್ಲ, ತೋಟವೆಲ್ಲ ಒಟ್ಟಿಗೆ ಗೊನೆ ಹಾಕುತ್ತದೆ. ರೈತರಿಗೆ ಇದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ರೋಗವಿಲ್ಲದ ಸಸಿ ಬೇರೆ, ರೋಗ ತಡೆಯುವ ಸಸಿ ಬೇರೆ. ಸೋಂಕಿದ ಮಣ್ಣಿಗೆ ಊರಿದ ಮೇಲೆ ಶುದ್ಧ ಸಸಿಯೂ ಸೊರಗುತ್ತದೆ. ಜೊತೆಗೆ, ಆಯ್ದ ಒಂದು ಗಿಡದ ಕೋಶಗಳನ್ನು ಲಕ್ಷಗಟ್ಟಲೆ ಹೆಚ್ಚಿಸುವ ಈ ವಿಧಾನ ಏಕರೂಪತೆಯನ್ನು ಹಿಂದೆಂದೂ ಇಲ್ಲದ ವೇಗದಲ್ಲಿ ಹರಡುತ್ತದೆ. ವಂಶವಾಹಿ ಕಸಿ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವುದು ಇನ್ನೊಂದು ವಾದ. ಟಿಆರ್-4 ತಡೆಯುವ ಕುಲಾಂತರಿ ಕ್ಯಾವೆಂಡಿಷ್‌ಗೆ ಆಸ್ಟ್ರೇಲಿಯಾ 2024ರಲ್ಲಿ ಅನುಮತಿ ಕೊಟ್ಟಿದೆ. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ ವಂಶವಾಹಿ ಬಂದದ್ದು ಎಲ್ಲಿಂದ? ಆಗ್ನೇಯ ಏಷ್ಯಾದ, ಹಣ್ಣಿನ ತುಂಬ ಬೀಜವಿರುವ ಕಾಡುಬಾಳೆಯಿಂದ. ಬೀಜ ಕಟ್ಟುವ ಬಾಳೆಗಳು ಉಳಿದಿರದಿದ್ದರೆ ಆ ವಿಜ್ಞಾನಿಗಳ ಕೈಗೆ ಕಸಿ ಮಾಡಲು ಏನೂ ಇರುತ್ತಿರಲಿಲ್ಲ.

ಬೇರೆ ದಾರಿ ಇದೆ ಎನ್ನುವುದಕ್ಕೆ ಕಬ್ಬೇ ಸಾಕ್ಷಿ. ಕಬ್ಬನ್ನೂ ನಾವು ಬಿತ್ತನೆ ತುಂಡಿನಿಂದಲೇ ಬೆಳೆಯುತ್ತೇವೆ. ಆದರೂ 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ನಾಡ ಕಬ್ಬನ್ನು ಕಾಡು ಕಬ್ಬಿನ ಜೊತೆ ಸಂಕರಗೊಳಿಸಿ ಸಿಒ-205 ತಳಿ ತೆಗೆದರು. ಭಾರತದ ಸಕ್ಕರೆ ಉದ್ಯಮ ನಿಂತಿರುವುದು ಆ ಕೆಲಸದ ಮೇಲೆ. ಹೂವಿನಲ್ಲಿ ಹೊಸ ಜೋಡಣೆ, ಹೊಲದಲ್ಲಿ ಅದರ ನಕಲು, ಹೀಗೆ ಎರಡೂ ಒಟ್ಟಿಗೆ ನಡೆದವು. ಅದೇ ಕಬ್ಬು ಎಚ್ಚರಿಕೆಯನ್ನೂ ಕೊಡುತ್ತದೆ. ಉತ್ತರ ಪ್ರದೇಶದ ಬಹುಪಾಲು ಗದ್ದೆಗಳನ್ನು ಸಿಒ-0238 ಎಂಬ ಒಂದೇ ತಳಿ ಆವರಿಸಿತು, ಇಳುವರಿ ಏರಿತು, ಹಿಂದೆಯೇ ಕೆಂಪು ಕೊಳೆ ರೋಗ ಅದರ ಮೇಲೆರಗಿತು. ಒಳ್ಳೆಯ ತಳಿಯಾದರೂ ಒಂದೇ ಆಗಿ ನಿಂತರೆ ಹೀಗಾಗುತ್ತದೆ.

ಮಾರುಕಟ್ಟೆ ಒಂದೇ ಅಳತೆಯ ಹಣ್ಣು ಕೇಳುತ್ತದೆ, ರೈತ ಏನು ಮಾಡಬೇಕು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ವೈವಿಧ್ಯ ಕಾಯುವ ಖರ್ಚನ್ನು ಒಬ್ಬೊಬ್ಬ ರೈತನ ತಲೆಗೆ ಕಟ್ಟುವುದು ಅನ್ಯಾಯ; ಅದನ್ನು ಹೊರಬೇಕಾದದ್ದು ಸರ್ಕಾರ. ಸಹಾಯಧನ ಈಗ ಜಿ-9ರ ಕಡೆ ಹರಿಯುವಷ್ಟೇ ಸರಾಗವಾಗಿ ಏಲಕ್ಕಿಬಾಳೆ, ರಸಬಾಳೆ, ಕಮಲಾಪುರದ ಕೆಂಪುಬಾಳೆಯ ಶುದ್ಧ ಸಸಿಗಳ ಕಡೆಗೂ ಹರಿಯಬೇಕು. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದ ಜೊತೆ ಸೇರಿ ನಮ್ಮ ತೋಟಗಾರಿಕೆ ವಿಶ್ವವಿದ್ಯಾಲಯ ಸಂಕರ ತಳಿಗಳ ಕೆಲಸವನ್ನು ದಶಕಗಟ್ಟಲೆ ಬಿಡದೆ ನಡೆಸಲು ಹಣ ಬೇಕು. ಪಶ್ಚಿಮ ಘಟ್ಟದ ಕಾಡುಬಾಳೆಗಳನ್ನು ಅವು ಇರುವಲ್ಲೇ ಕಾಯಬೇಕು. ರೈತರಲ್ಲಿ ಕೇಳಿಕೊಳ್ಳುವುದು ಒಂದೇ: ಸೊರಗು ಕಂಡ ತೋಟದಿಂದ ಕಂದು ತರಬೇಡಿ, ಅಲ್ಲಿನ ಮಣ್ಣು ಮೆತ್ತಿದ ಗುದ್ದಲಿ ಮತ್ತು ಟ್ರ್ಯಾಕ್ಟರನ್ನು ತೊಳೆಯದೆ ನಿಮ್ಮ ಹೊಲಕ್ಕೆ ಇಳಿಸಬೇಡಿ. ಆ ಶಿಲೀಂಧ್ರ ಒಮ್ಮೆ ಮಣ್ಣು ಸೇರಿದರೆ ದಶಕಗಳ ಕಾಲ ಬದುಕಿರುತ್ತದೆ, ಅದನ್ನು ತೊಲಗಿಸುವ ಔಷಧಿ ಇನ್ನೂ ಇಲ್ಲ.