ಅಶ್ವತ್ಥಪುರದ ಓಟಗಾರ ಮತ್ತು ನಮ್ಮ ಭಾಗಾಕಾರ

ಊರು ಮೂಡುಬಿದಿರೆ ಹತ್ರ ಪುತ್ತಿಗೆ ಅಂದ್ರೆ ಸಾಕು, "ಓ, ಬೋಲ್ಟ್‌ನ ಸೋಲಿಸಿದವರ ಊರಾ?" ಅಂತ ಕೇಳುವವರು ಈಗಲೂ ಸಿಗ್ತಾರೆ. ಹಾಗಾಗಿ ಈ ಲೆಕ್ಕ ಒಮ್ಮೆ ಬರೆದೇ ಬಿಡೋಣ ಅನ್ನಿಸ್ತು.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಪುಣ್ಯಾತ್ಮರು ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂದರು (ಸರಿಯಾಗಿ ಭಾಗಿಸಿದರೆ 9.56, ಇರಲಿ ಬಿಡಿ). ಬೋಲ್ಟ್ ದಾಖಲೆ 9.58. ಮುಗೀತಲ್ಲ, ದೇಶಕ್ಕೆ ದೇಶವೇ ಕುಣಿಯಿತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟರು ಓಡಿದ್ದಕ್ಕೆ 9.51 ಅಂತ ಬಂತು.

ಬೋಲ್ಟ್‌ನ 9.58ರಲ್ಲಿ ನಿಂತಲ್ಲಿಂದ ವೇಗ ಹಿಡಿಯುವ ಸಮಯವೂ ಸೇರಿದೆ. ಓಟ ಉದ್ದವಾದಷ್ಟೂ ಆ ಸಮಯ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತೆ. ಹೋಲಿಸಲೇಬೇಕು ಅಂದರೆ 2009ರಲ್ಲಿ ಮ್ಯಾಂಚೆಸ್ಟರ್ ಬೀದಿಯಲ್ಲಿ ಅವನು 150 ಮೀಟರ್ ಓಡಿದ್ದನ್ನು ತಗೊಳ್ಳಿ, 14.35 ಸೆಕೆಂಡು. ಅದನ್ನೂ ಹೀಗೇ ಭಾಗಿಸಿದರೆ 100ಕ್ಕೆ 9.57! ಅಂದರೆ ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ. ಅವನ ಮುಂದೆ ಕೋಣಗಳಿರಲಿಲ್ಲ, ಇವರ ಕಾಲಡಿ ಕೆಸರಿತ್ತು. ಇದಕ್ಕಿಂತ ಮುಂದೆ ಗಣಿತ ಹೋಗಲ್ಲ.

ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆಸ್ತೀವಿ ಅಂದರು. ಗೌಡರು ಒಲ್ಲೆ ಅಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡೋದು, ಟ್ರ್ಯಾಕ್‌ನಲ್ಲಿ ಬೆರಳ ತುದಿಯಲ್ಲಿ, ಎರಡೂ ಬೇರೆ ಅಂತ ಅವರ ಮಾತು. ಆ ಗಲಾಟೆಯಲ್ಲಿ ಬುದ್ಧಿವಂತಿಕೆಯ ಮಾತಾಡಿದವರು ಅವರೊಬ್ಬರೇ ಅಂತ ನನ್ನ ಅಭಿಪ್ರಾಯ.

ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು 3 ಲಕ್ಷ ಕೊಟ್ಟು ಸನ್ಮಾನಿಸಿದರು, ಸಂತೋಷ. ಆದರೆ ಆಗ ಅವರಿಗೆ 28 ವರ್ಷ, ಹೊಟ್ಟೆಪಾಡಿಗೆ ಕಟ್ಟಡ ಕೆಲಸ. ನಮ್ಮ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓಡ್ತಾರೆ. ಕಂಬಳಕ್ಕೆ ಅಂತ ಅಕಾಡೆಮಿ ಕಟ್ಟಿ ಹುಡುಗರಿಗೆ ಕಲಿಸಿದ್ದು ಗುಣಪಾಲ ಕಡಂಬರು. ಗೌಡರೂ ಅಲ್ಲಿ ಕಲಿತವರೇ.

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರಲ್ಲೇ ಗೋಲು. ಅವನಿಗೆ ಕರಾರು ಪತ್ರ ಇರುತ್ತೆ, ಕಾಲು ಮುರಿದರೆ ಕ್ಲಬ್ಬಿನ ಡಾಕ್ಟರು. ಕಂಬಳದಲ್ಲಿ ಚಿನ್ನ ಗೆಲ್ಲೋದು ಕೋಣದ ಯಜಮಾನರು. ಸೀಸನ್ ನವೆಂಬರಿನಿಂದ ಬೇಸಿಗೆ ತನಕ ಮಾತ್ರ, ಆಮೇಲೆ ಓಡಿಸುವವರು ತಮ್ಮ ತಮ್ಮ ಕೆಲಸಕ್ಕೆ. ಕೋಣಗಳಿಗೆ ಹುರುಳಿ, ಎಣ್ಣೆ ಮಾಲೀಸು, ಕೆಲವು ಮನೆಗಳಲ್ಲಿ ಈಜುಕೊಳ! ಅದು ತಪ್ಪು ಅಂತಲ್ಲ, ಪ್ರಾಣಿ ಚೆನ್ನಾಗಿರಬೇಕು. ಓಡಿಸುವವರನ್ನು ಮನೆಮಗನಂತೆ ನೋಡಿಕೊಳ್ಳುವ ಯಜಮಾನರೂ ಇದ್ದಾರೆ. ಆದರೆ ಅದು ವಿಶ್ವಾಸದ ಮೇಲೆ ನಡೆಯೋದು. ಯಜಮಾನರ ಮನಸ್ಸು ಬದಲಾದರೆ?

2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ನಿಂತಿತ್ತು, 2017ರಲ್ಲಿ ರಾಜ್ಯ ತಿದ್ದುಪಡಿ ತಂತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟು ವರ್ಷ ಚರ್ಚೆಯೆಲ್ಲ ಕೋಣದ ನೋವು ಮತ್ತು ತುಳುನಾಡ ಸಂಸ್ಕೃತಿ, ಇವೆರಡರ ಬಗ್ಗೆಯೇ. ಕಂಬಳ ನಿಂತಾಗ ಓಡಿಸುವವರಿಗೆ ಏನಾಯ್ತು ಅಂತ ಎಷ್ಟು ಜನ ಕೇಳಿದ್ರು?

ಈಗ ಕಾನೂನಿನ ತಲೆನೋವು ಮುಗಿದಿದೆ. ಪ್ರತಿ ಕಂಬಳದ ಖರ್ಚಿನಲ್ಲಿ ಓಡಿಸುವವರ ವಿಮೆಗೆ ಅಂತ ಒಂದು ಪಾಲು ಎತ್ತಿಡಲಿ, ಕೋಣ ಕೊಡುವ ಯಜಮಾನರು ಒಂದು ಸೀಸನ್ನಿಗೆ ಇಷ್ಟು ಅಂತ ಕಾಗದದಲ್ಲಿ ಬರೆದುಕೊಡಲಿ. ಪೆಂಡಾಲು, ಲೈಟಿಂಗು, ಮೈಕಿಗೆ ಸುರಿಯುವುದರ ಮುಂದೆ ಇದೇನು ದೊಡ್ಡ ಮೊತ್ತ ಆಗಲಾರದು. ಕರಾವಳಿಯ ಬ್ಲಾಗಿಗರು, ಅದರಲ್ಲೂ ಮನೆಯಲ್ಲಿ ಕೋಣ ಕಟ್ಟಿರುವವರು, ಏನಂತೀರಿ? ಬೈಯೋದಿದ್ರೂ ಕೆಳಗೆ ಕಮೆಂಟಿನಲ್ಲೇ ಬೈಯ್ರಿ :)