ನಿರಾಶ್ರಿತ ಮಕ್ಕಳಿಗೆ ಸಂಗೀತವೇಕೆ?

ಯುದ್ಧಪೀಡಿತ ನಾಡಿನ ಮಕ್ಕಳಿಗೆ ಸಂಗೀತ ಕಲಿಸಲು ನೆರವು ಕೇಳಿದೊಡನೆ ದೊರೆಯುವ ಉತ್ತರ ಒಂದೇ: ಮೊದಲು ಅನ್ನ, ಆಮೇಲೆ ಗಾನ. ಮೇಲ್ನೋಟಕ್ಕೆ ಯುಕ್ತವಾಗಿ ತೋರುವ ಈ ಮಾತು ಬಹುಮಟ್ಟಿಗೆ ಕೃಪಣತೆಗೆ ಹೊದಿಸಿದ ವಿವೇಕದ ಶಾಲು. ಅನ್ನವೂ ಗಾನವೂ ಒಂದನ್ನೊಂದು ಕಸಿಯುತ್ತವೆಂಬ ಗ್ರಹಿಕೆಯೇ ಮಿಥ್ಯೆ.

ಕಾಬೂಲಿನ ನಿದರ್ಶನವನ್ನು ಪರಿಶೀಲಿಸಬಹುದು. 1996ರಿಂದ 2001ರವರೆಗೆ ತಾಲಿಬಾನರ ಆಳ್ವಿಕೆಯಲ್ಲಿ ಸಂಗೀತವು ನಿಷಿದ್ಧವಾಗಿದ್ದ ಆ ನಾಡಿನಲ್ಲಿ ವಿದ್ವಾಂಸ ಅಹ್ಮದ್ ಸರ್ಮಸ್ತ್ ಅವರು 2010ರಲ್ಲಿ ಅಫ್ಘಾನಿಸ್ತಾನದ ರಾಷ್ಟ್ರೀಯ ಸಂಗೀತ ವಿದ್ಯಾಲಯವನ್ನು ತೆರೆದರು. ಅನಾಥರಿಗೂ, ಬೀದಿಯಲ್ಲಿ ಸರಕು ಮಾರಿ ಮನೆಗೆ ಆಸರೆಯಾಗಿದ್ದ ಮಕ್ಕಳಿಗೂ ಅಲ್ಲಿ ಸ್ಥಾನಗಳನ್ನು ಮೀಸಲಿರಿಸಲಾಯಿತು. ಮಗುವಿನ ಸಂಪಾದನೆ ನಿಂತು ಮನೆಯವರು ಹಸಿಯಬಾರದೆಂದು ಬೀದಿಮಕ್ಕಳಿಗೆ ಮಾಸಿಕ ಸಹಾಯಧನದ ಏರ್ಪಾಡೂ ಇತ್ತು. ಬಾಲಕರೂ ಬಾಲಕಿಯರೂ ಒಟ್ಟಿಗೆ ಕುಳಿತು ರುಬಾಬ್, ಸಿತಾರ್, ತಬಲಾ, ಪಿಟೀಲುಗಳನ್ನು ಅಭ್ಯಸಿಸಿದರು. ಜೊತೆಗೆ ಶಾಲೆಯ ಇತರ ಪಾಠಗಳನ್ನೂ ಕಲಿತರು. ಅನ್ನ ಮೊದಲೋ ಗಾನ ಮೊದಲೋ ಎಂಬ ತರ್ಕಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. 2014ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಪಾಲ್ಗೊಂಡಿದ್ದ ಪ್ರದರ್ಶನವೊಂದರಲ್ಲಿ ಆತ್ಮಾಹುತಿ ದಾಳಿ ನಡೆದು ಸರ್ಮಸ್ತ್ ತೀವ್ರವಾಗಿ ಗಾಯಗೊಂಡರು. ಚಿಕಿತ್ಸೆಯ ನಂತರ ಅವರು ಕಾಬೂಲಿಗೆ ಮರಳಿ ಕಾರ್ಯ ಮುಂದುವರಿಸಿದರು. 2021ರ ಆಗಸ್ಟಿನಲ್ಲಿ ತಾಲಿಬಾನರು ಮತ್ತೆ ಅಧಿಕಾರಕ್ಕೆ ಬಂದಾಗ ಕಟ್ಟಡ ಕೈತಪ್ಪಿತು, ವಾದ್ಯಗಳು ಹಿಂದುಳಿದವು. ಆದರೆ ಅದೇ ವರ್ಷಾಂತ್ಯದೊಳಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ ಹಾಗೂ ಕುಟುಂಬದವರು ಸೇರಿ 273 ಮಂದಿ ಪೋರ್ಚುಗಲ್ ದೇಶವನ್ನು ತಲುಪಿದರು. ಅಲ್ಲಿ ಪಾಠಗಳು ಮರಳಿ ಆರಂಭವಾದವು. ಲೆಕ್ಕ ಬಲ್ಲವರು ಇದನ್ನು ಗಮನಿಸಬೇಕು: ಇಟ್ಟಿಗೆ ಗಾರೆಗಳಲ್ಲಿ ತೊಡಗಿಸಿದ್ದು ಹೋಯಿತು, ಮಕ್ಕಳ ಬೆರಳುಗಳಲ್ಲಿ ತೊಡಗಿಸಿದ್ದು ಗಡಿ ದಾಟಿತು.

ಸಂಗೀತವು ಯುದ್ಧವನ್ನು ನಿಲ್ಲಿಸುತ್ತದೆಂದು ಸಾರುವವರೂ ಈ ಕಾರ್ಯಕ್ಕೆ ಹಾನಿಯನ್ನೇ ಮಾಡುತ್ತಾರೆ. ಅದು ನಿಲ್ಲಿಸದು. 2023ರ ಜುಲೈಯಲ್ಲಿ ಹೇರಾತ್ ಪ್ರಾಂತದಲ್ಲಿ ವಾದ್ಯಗಳನ್ನು ರಾಶಿ ಹಾಕಿ ಸುಟ್ಟದ್ದನ್ನು ಯಾವ ರಾಗವೂ ತಡೆಯಲಿಲ್ಲ. ಸಂಗೀತಶಿಕ್ಷಣದ ಫಲ ಇದಕ್ಕಿಂತ ಸಣ್ಣದು, ಇದಕ್ಕಿಂತ ನಿಶ್ಚಿತವಾದುದು: ಎಲ್ಲವೂ ಕದಡಿಹೋದ ಬಾಳಿನಲ್ಲಿ ಮಗುವಿಗೆ ನಿಯತವಾದ ಒಂದು ಹೊತ್ತು, ಹೆಸರಿಟ್ಟು ಕರೆಯುವ ಒಬ್ಬ ಗುರು, ಇತರರೊಡನೆ ಕೂಡಿ ಮಾಡುವ ಒಂದು ಕೆಲಸ. ಇದು ಒಂದು ದಿನದ ಉತ್ಸವದಿಂದ ಲಭಿಸುವಂಥದಲ್ಲ.

ಆದ್ದರಿಂದ ಕೈ ಬಿಗಿಹಿಡಿದ ದಾನಿಗಿಂತ ಪ್ರದರ್ಶನಪ್ರಿಯ ದಾನಿ ಹೆಚ್ಚು ಉತ್ತಮನೇನಲ್ಲ. ಅವನಿಗೆ ವೇದಿಕೆ ಬೇಕು, ಪುಟ್ಟ ನಿರಾಶ್ರಿತನ ಭಾವಚಿತ್ರ ಬೇಕು, ಕೆಳಗೆ ತನ್ನ ಹೆಸರು ಬೇಕು. ಮರುದಿನ ತಂತಿ ಕಡಿದರೆ ಕೇಳುವವರಿಲ್ಲ.

ಇಂತಹ ಕಾರ್ಯಕ್ಕೆ ಹಣ ನೀಡುವ ಮಂಡಳಿಗಳು ಸಂಗೀತೋತ್ಸವದ ಆಹ್ವಾನಪತ್ರಿಕೆಯನ್ನು ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಕೇಳಲಿ. ಗುರುಗಳ ವೇತನ ಎಷ್ಟು ವರ್ಷಕ್ಕೆ ಭದ್ರವಾಗಿದೆ? ವಾದ್ಯ ಕೆಟ್ಟರೆ ಸರಿಪಡಿಸುವವರು ಯಾರು? ಕಳೆದ ವರ್ಷ ಪಾಠ ಬಿಟ್ಟ ಮಗು ಏಕೆ ಬಿಟ್ಟಿತು? ಸಮರ್ಪಕವಾದ ಉತ್ತರ ದೊರೆತರೆ ಹಣ ಕೊಡಲಿ, ಸತತವಾಗಿ ಕೊಡಲಿ. ಉತ್ತರ ದೊರೆಯದಿದ್ದಲ್ಲಿ ಚಪ್ಪಾಳೆಗೆ ಮಾರುಹೋಗಿ ಕೊಟ್ಟ ಹಣವು ಮಗುವನ್ನು ತಲುಪಿತೆಂದು ಭಾವಿಸುವುದು ಆತ್ಮವಂಚನೆ.