ಕನ್ನಡ ಅಕ್ಷರ ಡಬ್ಬಿಯಾಗಿ ಕಾಣಿಸಿದರೆ ಫೋನ್ ಕೆಟ್ಟಿದೆ ಎಂದರ್ಥವೇ?

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ಸುತ್ತೋಲೆ ಕಳಿಸುತ್ತಾರೆ. ತೆರೆದರೆ ಕನ್ನಡದ ಜಾಗದಲ್ಲಿ ಸಾಲು ಸಾಲು ಖಾಲಿ ಡಬ್ಬಿಗಳು. ಇಲ್ಲವೇ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಕೂಡಲೇ ಸಲಹೆಗಳು ಶುರುವಾಗುತ್ತವೆ. "ವೈರಸ್ ಇರಬೇಕು, ಯಾರೂ ತೆರೆಯಬೇಡಿ" ಎನ್ನುತ್ತಾರೆ ಒಬ್ಬರು. "ಹೊಸ ಫೋನ್ ತಗೊಳ್ಳಿ" ಎನ್ನುತ್ತಾರೆ ಇನ್ನೊಬ್ಬರು. "ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ, ಇಂಗ್ಲಿಷಿನಲ್ಲೇ ಕಳಿಸಿ" ಎಂಬ ತೀರ್ಪೂ ಬರುತ್ತದೆ.

ಈ ಮೂರೂ ತಪ್ಪು. ವೆಬ್‌ಸೈಟ್ ಕಟ್ಟುವ ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ತಲೆನೋವು. ಆದರೆ ಕಾರಣ ಗೊತ್ತಿಲ್ಲದ ತಲೆನೋವಲ್ಲ. ಕನ್ನಡ ಪರದೆಯ ಮೇಲೆ ಕೆಡುವ ಪ್ರತಿಯೊಂದು ರೀತಿಗೂ ಒಂದು ನಿರ್ದಿಷ್ಟ ಕಾರಣವಿದೆ. ಹೇಗೆ ಕೆಟ್ಟಿದೆ ಎಂದು ನೋಡಿದರೆ ತಪ್ಪು ಎಲ್ಲಿ ನಡೆದಿದೆ ಎಂದು ಹೇಳಬಹುದು. ಅದನ್ನು ತಿಳಿಯಲು ನೀವು ಸಾಫ್ಟ್‌ವೇರ್ ಓದಿರಬೇಕಿಲ್ಲ.

ಕನ್ನಡ ಲಿಪಿ ಕಂಪ್ಯೂಟರಿಗೆ ಕಷ್ಟವೇ?

ಮೊದಲು ಈ ನಂಬಿಕೆಯನ್ನೇ ನೋಡೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಜಗತ್ತಿಗೆಲ್ಲ ಒಂದೇ ಪಟ್ಟಿ ಇದ್ದರೆ ಎಲ್ಲ ಸಾಧನಗಳೂ ಒಂದೇ ರೀತಿ ಓದುತ್ತವೆ. ಆ ಪಟ್ಟಿಯ ಹೆಸರೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು.

128 ಸಾಕೇ ಎಂದು ಕೇಳಬಹುದು. ನಮ್ಮ 34 ವ್ಯಂಜನಗಳಲ್ಲಿ ಯಾವುದಕ್ಕೆ ಯಾವುದನ್ನಾದರೂ ಒತ್ತಾಗಿ ಕೊಟ್ಟರೆ 1156 ಜೋಡಿಗಳಾಗುತ್ತವೆ. ಅದರ ಮೇಲೆ ಕಾಗುಣಿತ ಬೇರೆ. ಆದರೆ ಯೂನಿಕೋಡ್ ಪ್ರತಿ ಜೋಡಿಗೂ ಸ್ಥಾನ ಕೊಡುವುದಿಲ್ಲ. 34 ವ್ಯಂಜನ, ಸ್ವರಚಿಹ್ನೆಗಳು ಮತ್ತು ‘್’ ಎಂಬ ಒಂದು ಅರ್ಧಾಕ್ಷರದ ಗುರುತು ಇದ್ದರೆ ಸಾಕು. ‘ಕ್ಷ’ ಎಂದರೆ ‘ಕ’, ‘್’, ‘ಷ’ ಎಂಬ ಮೂರು ಸಂಕೇತಗಳು. ಅವನ್ನು ಸೇರಿಸಿ ಸುಂದರವಾಗಿ ಬರೆಯುವುದು ಫೋನಿನೊಳಗಿನ ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ ಕೆಲಸ. ವ್ಯಾಕರಣ ಪುಸ್ತಕ ಒತ್ತಕ್ಷರವನ್ನು ಬಿಡಿಸಿ ತೋರಿಸುವುದೂ ಹೀಗೆಯೇ. ಲಿಪಿಯಲ್ಲಿ ಯಾವ ಕೊರತೆಯೂ ಇಲ್ಲ.

ಹಾಗಾದರೆ ‘ಅರ್ಥವಿಲ್ಲದ ಇಂಗ್ಲಿಷ್’ ಎಲ್ಲಿಂದ ಬಂತು?

ಪಟ್ಟಿ 1991ರಲ್ಲಿ ಬಂದರೂ ಅದನ್ನು ಬಳಸುವ ಸಾಧನಗಳು ಬಹಳ ತಡವಾಗಿ ಬಂದವು. ವಿಂಡೋಸ್‌ಗೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ.

ಆದರೆ ಕನ್ನಡಿಗರು ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಶುರುಮಾಡಿದ್ದು 1996ರಲ್ಲಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಇಂದಿಗೂ ಲಕ್ಷಾಂತರ ಬೆರಳುಗಳು ಬಳಸುತ್ತಿವೆ.

ಆಗಿನ ಉಪಾಯ ಸರಳವಾಗಿತ್ತು. ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಬರುತ್ತದಲ್ಲವೇ? ಹಾಗಾದರೆ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸೋಣ. ಹಳೆಯ ಅಚ್ಚುಕೂಟದಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ಮೊಳೆಗಳನ್ನು ಬೇರೆ ಬೇರೆ ಜೋಡಿಸುತ್ತಿದ್ದ ಹಾಗೆಯೇ ಇದು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷಿನ ‘ಪಿ’ಯಿಂದ ಶುರುವಾಗುವ ಒಂದು ಸಾಲು. ನಡುವೆ ಬ್ರಿಟಿಷ್ ಪೌಂಡ್ ಗುರುತೂ ಬರುತ್ತದೆ. ಫಾಂಟ್ ಇದ್ದವರಿಗೆ ಅದು ಕನ್ನಡ. ಇಲ್ಲದವರಿಗೆ ‘ಪಿ’ ಮತ್ತು ಪೌಂಡ್.

ಅಂದಿನ ಮಟ್ಟಿಗೆ ಇದು ದೊಡ್ಡ ಸಾಧನೆ. ಬರಹ, ನುಡಿ ಎರಡೂ ಮುಂದೆ ಯೂನಿಕೋಡ್ ಕಲಿತವು. ಸಮಸ್ಯೆ ಇರುವುದು ಇಂದೂ ಹಳೆಯ ರೀತಿಯಲ್ಲೇ ತಯಾರಾಗುವ ಕಡತಗಳಲ್ಲಿ. ಪುಟ ವಿನ್ಯಾಸಕ್ಕೆ ಮುದ್ರಣಾಲಯಗಳು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಬೆಂಬಲ ಬರಲೇ ಇಲ್ಲ. ಹಾಗಾಗಿ ಅದನ್ನು ನಂಬಿದವರು ಹಳೆಯ ಫಾಂಟನ್ನೂ ಬಿಡಲಾಗಲಿಲ್ಲ.

ಇದರ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಇಂಥ ಪಿಡಿಎಫ್ ನೋಡಲು ಸರಿಯಾಗಿಯೇ ಇರುತ್ತದೆ, ಏಕೆಂದರೆ ಫಾಂಟ್ ಅದರೊಳಗೇ ಅಡಗಿರುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿ, ‘ಪಿ’ ಮತ್ತು ಪೌಂಡ್ ಹೊರಬೀಳುತ್ತವೆ. ಅದರಲ್ಲಿ ‘ಪಿಂಚಣಿ’ ಎಂದು ಹುಡುಕಿದರೆ ಸಿಗುವುದಿಲ್ಲ. ದೃಷ್ಟಿದೋಷ ಇರುವವರಿಗೆ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕನ್ನಡವನ್ನು ಓದಬಲ್ಲದು, ಆದರೆ ಇಲ್ಲಿ ಅದಕ್ಕೆ ಸಿಗುವುದು ಇಂಗ್ಲಿಷ್ ಕಸ. ಒಂದು ಯೋಜನೆಯ ಸುತ್ತೋಲೆ ಹೀಗೆ ಪ್ರಕಟವಾದರೆ, ಅದು ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ತಲುಪುವುದಿಲ್ಲ.

ಒಂದು ಸಮಾಧಾನವಿದೆ. ಇಂಥ ಬರಹ ಕಳೆದುಹೋಗಿರುವುದಿಲ್ಲ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ತಂತ್ರಾಂಶಗಳಿವೆ. ಬದಲಿಸಿದ ಮೇಲೆ ಒತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿದರೆ ಸಾಕು.

ಮಲ್ಲೇಶ್ವರಂ ‘ಮಲ್ಲೇಶ’ ಆದದ್ದು ಹೇಗೆ?

ಕನ್ನಡ ಸಾಹಿತ್ಯ ಪರಿಷತ್ತಿನ ನೆಲೆಯಾದ ಚಾಮರಾಜಪೇಟೆಯನ್ನೂ ಇನ್ನೆರಡು ಬಡಾವಣೆಗಳನ್ನೂ ಒಂದು ಪ್ರಯೋಗಕ್ಕೆ ಬಳಸೋಣ. ವೆಬ್‌ಸೈಟಿನ ಅರ್ಜಿಯೊಂದರಲ್ಲಿ ಊರಿನ ಹೆಸರಿಗೆ 20 ಬೈಟ್‌ಗಳ ಮಿತಿ ಇದೆ ಎಂದುಕೊಳ್ಳಿ. ಬೈಟ್ ಎಂದರೆ ಕಂಪ್ಯೂಟರ್ ಮಾಹಿತಿ ತುಂಬಿಡುವ ಒಂದು ಸಣ್ಣ ಖಾನೆ. ಇಂಗ್ಲಿಷಿನಲ್ಲಿ ಬಸವನಗುಡಿಗೆ 12, ಮಲ್ಲೇಶ್ವರಂಗೆ 12, ಚಾಮರಾಜಪೇಟೆಗೆ 11 ಖಾನೆ ಸಾಕು. ಮಿತಿ ಇಟ್ಟವರು ಧಾರಾಳವಾಗಿಯೇ ಇಟ್ಟಿದ್ದೇವೆ ಎಂದುಕೊಂಡಿರುತ್ತಾರೆ.

ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಮಲ್ಲೇಶ್ವರಂ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ: ಮ, ಲ್ಲೇ, ಶ್ವ, ರಂ. ಒಳಗೆ ಅದು 10 ಸಂಕೇತ, ಅಂದರೆ 30 ಬೈಟ್. 20ಕ್ಕೆ ಕತ್ತರಿಸಿದರೆ ಆರು ಸಂಕೇತ ಮಾತ್ರ ಪೂರ್ತಿ ಉಳಿಯುತ್ತವೆ. ಫಲಿತಾಂಶ ಹೀಗಿದೆ:

- ಮಲ್ಲೇಶ್ವರಂ → ಮಲ್ಲೇಶ
- ಚಾಮರಾಜಪೇಟೆ → ಚಾಮರಾಜ
- ಬಸವನಗುಡಿ → ಬಸವನಗು

ಏಳನೆಯ ಸಂಕೇತದ ತುಂಡು ಉಳಿದು, ಕೊನೆಯಲ್ಲಿ ಕಪ್ಪು ವಜ್ರದಾಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆಯೂ ಕಾಣಬಹುದು. ಬಡಾವಣೆ ಮನುಷ್ಯನಾದದ್ದನ್ನು ನೋಡಿ ನಗಬಹುದು. ಆದರೆ ಇದೇ ಕತ್ತರಿ ಮನುಷ್ಯರ ಹೆಸರಿನ ಮೇಲೂ ಬೀಳುತ್ತದೆ. ದಾಖಲೆಯಲ್ಲಿ ಹೆಸರು ಒಂದು ಅಕ್ಷರ ಕಡಿಮೆಯಾದರೆ ಏನಾಗುತ್ತದೆ ಎಂದು ಕಚೇರಿ ಅಲೆದವರಿಗೆ ಹೇಳಬೇಕಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮಾಹಿತಿ ತುಂಬಿಡುವ ಡೇಟಾಬೇಸ್ ಕನ್ನಡ ಹಿಡಿಯುವಂತೆ ಸಿದ್ಧವಾಗಿರದಿದ್ದರೆ, ಗೊತ್ತಿಲ್ಲದ ಪ್ರತಿ ಸಂಕೇತದ ಜಾಗದಲ್ಲಿ ಅದು ಒಂದು ‘?’ ಬರೆದುಬಿಡುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರ 8.0 ಆವೃತ್ತಿಯವರೆಗೂ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ಪಶ್ಚಿಮ ಯುರೋಪಿನ ಭಾಷೆಗಳ ಪಟ್ಟಿಯನ್ನು. ಕನ್ನಡ ಬೇಕೆಂದರೆ ಡೆವಲಪರ್ ನೆನಪಿಟ್ಟು ಬದಲಿಸಬೇಕಿತ್ತು. ಮರೆತರೆ ಪರದೆಯಲ್ಲಿ "ಅರ್ಜಿ ಸ್ವೀಕರಿಸಲಾಗಿದೆ" ಎಂದು ಬಂದರೂ ಒಳಗೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆ. ಹೀಗೆ ಹೋದ ಹೆಸರನ್ನು ಆ ಚಿಹ್ನೆಗಳಿಂದ ಮರಳಿ ಪಡೆಯಲು ಸಾಧ್ಯವೇ ಇಲ್ಲ. ಮತ್ತೆ ಅರ್ಜಿದಾರರನ್ನೇ ಕೇಳಬೇಕು.

ಕನ್ನಡ ಎಸ್ಎಂಎಸ್‌ಗೆ ಹೆಚ್ಚು ಹಣವೇ?

ಈ ದೂರಿನಲ್ಲಿ ಅರ್ಧ ಸತ್ಯವಿದೆ. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70 ಸಂಕೇತ ಮಾತ್ರ ಹಿಡಿಯುತ್ತದೆ. ಅದಕ್ಕಿಂತ ಉದ್ದವಾದರೆ ಎರಡು ಸಂದೇಶವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಇದು ಕನ್ನಡಕ್ಕೆಂದೇ ಮಾಡಿದ ನಿಯಮವಲ್ಲ. ಇಂಗ್ಲಿಷ್ ಸಂದೇಶಕ್ಕೆ ಒಂದು ನಗುಮುಖದ ಎಮೋಜಿ ಸೇರಿಸಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ವಾಟ್ಸ್‌ಆ್ಯಪ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಒಂದೇ ಅಕ್ಷರ ಫೋನನ್ನು ನಿಲ್ಲಿಸಬಲ್ಲದೇ?

ಇಂಥ ಫಾರ್ವರ್ಡ್‌ಗಳಲ್ಲಿ ಒಂದು ನಿಜವಾಗಿತ್ತು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ವಿಶೇಷ ರೀತಿಯಲ್ಲಿ ಬರೆದು ಕಳಿಸಿದರೆ ಐಫೋನಿನ ಆ್ಯಪ್‌ಗಳು ನಿಂತುಹೋಗುತ್ತಿದ್ದವು. ಅದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿತ್ತು. "ಮುಂದಿನ ಅಕ್ಷರವನ್ನು ಒತ್ತಾಗಿ ಸೇರಿಸಬೇಡ" ಎಂದು ಹೇಳುವ ಸಂಕೇತ ಅದು. ನಾವೂ ಅದನ್ನು ದಿನವೂ ಬಳಸುತ್ತೇವೆ. ‘ಫೇಸ್‌ಬುಕ್’ ಎಂದು ಬರೆಯುವಾಗ ‘ಸ್’ ನಂತರ ಅದು ಇರುತ್ತದೆ, ತೆಗೆದರೆ ‘ಫೇಸ್ಬುಕ್’ ಆಗುತ್ತದೆ. ಆ ಜೋಡಣೆಯನ್ನು ಚಿತ್ರಿಸುವಾಗ ಐಫೋನಿನ ತಂತ್ರಾಂಶ ಎಡವುತ್ತಿತ್ತು. ಅದೇ ತಿಂಗಳ 19ರಂದು ಆ್ಯಪಲ್ 11.2.6 ಆವೃತ್ತಿ ಬಿಡುಗಡೆ ಮಾಡಿ ಸರಿಪಡಿಸಿತು. ತಪ್ಪು ಇದ್ದದ್ದು ತಂತ್ರಾಂಶದಲ್ಲಿ, ತೆಲುಗಿನಲ್ಲಲ್ಲ. ಈಗ ಆ ಹಳೆಯ ಎಚ್ಚರಿಕೆ ಮತ್ತೆ ಬಂದರೆ ಹೆದರಬೇಕಿಲ್ಲ.

ನೋಡಲು ಒಂದೇ, ಹುಡುಕಿದರೆ ಸಿಗದು

‘ಬೆಂಗಳೂರು’ ಮತ್ತು ‘ಬೆ೦ಗಳೂರು’. ಎರಡೂ ಒಂದೇ ತಾನೇ? ಅಲ್ಲ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿಗೆ ಇವು ಬೇರೆ ಬೇರೆ ಪದ. ನಾವು ಒಂದು ಪಟ್ಟಿಯಲ್ಲಿ ಇದ್ದೇ ಇರುವ ಹೆಸರು ಹುಡುಕಿದರೆ ಸಿಗುತ್ತಿಲ್ಲ ಎಂದು ಗಂಟೆಗಟ್ಟಲೆ ತಲೆ ಕೆರೆದುಕೊಂಡು, ಕೊನೆಗೆ ಈ ಸೊನ್ನೆಯನ್ನು ಪತ್ತೆಹಚ್ಚಿದ್ದಿದೆ. ಟೈಪ್ ಮಾಡಿದವರನ್ನು ದೂರಲಾಗದು, ಪರದೆಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಹುಡುಕುವ ತಂತ್ರಾಂಶವೇ ಇವೆರಡನ್ನೂ ಗುರುತಿಸಿ ಹೊಂದಿಸಿಕೊಳ್ಳಬೇಕು.

ಕೆಟ್ಟ ರೀತಿ ನೋಡಿ ಕಾರಣ ಹೇಳಿ

- ಖಾಲಿ ಡಬ್ಬಿಗಳು: ಬರಹ ಸರಿಯಿದೆ, ನಿಮ್ಮ ಸಾಧನದಲ್ಲಿ ಆ ಅಕ್ಷರದ ಫಾಂಟ್ ಇಲ್ಲ. ಫೋನಿನ ತಂತ್ರಾಂಶ ಅಪ್‌ಡೇಟ್ ಮಾಡಿ.
- ‘ಪಿ’, ಪೌಂಡ್ ಇರುವ ಇಂಗ್ಲಿಷ್ ಕಸ: ಹಳೆಯ ಫಾಂಟಿನ ಕಡತ. ಯೂನಿಕೋಡ್‌ಗೆ ಬದಲಿಸಬಹುದು.
- ತಲೆಯ ಮೇಲೆ ಗೆರೆಯಿರುವ ಸಣ್ಣ ‘ಎ’ ಪ್ರತಿ ಮೂರು ಗುರುತಿಗೊಮ್ಮೆ ಮತ್ತೆ ಮತ್ತೆ ಬರುತ್ತಿದ್ದರೆ: ಬರಹ ಯೂನಿಕೋಡೇ, ಓದುವ ಕಡೆ ತಪ್ಪು ಪಟ್ಟಿ ಬಳಸಲಾಗಿದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ ಆದ್ದರಿಂದ ಈ ಪುನರಾವರ್ತನೆ. ಸಾಮಾನ್ಯವಾಗಿ ಸರಿಪಡಿಸಬಹುದು.
- ಚುಕ್ಕಿಗಳ ವೃತ್ತ: ಸ್ವರಚಿಹ್ನೆ ಅಥವಾ ಒತ್ತು ತನ್ನ ವ್ಯಂಜನದಿಂದ ಬೇರ್ಪಟ್ಟಿದೆ.
- ‘ಮಲ್ಲೇಶ್ವರಂ’ ಎಂಬುದು ‘ಮಲೇಶರಂ’ ಎಂದು ಕಂಡರೆ: ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರ ಸಾಲದೆ ಕೆಳಗಿನ ಒತ್ತು ಕತ್ತರಿಸಿಹೋಗಿದೆ.
- ಬರೀ ಪ್ರಶ್ನಾರ್ಥಕ ಚಿಹ್ನೆಗಳು: ಮಾಹಿತಿ ನಷ್ಟವಾಗಿರುವ ಸಾಧ್ಯತೆ ಹೆಚ್ಚು. ತಡಮಾಡದೆ ದೂರು ಕೊಡಿ.

ನೀವು ಮಾಡಬಹುದಾದದ್ದು

ಆನ್‌ಲೈನ್ ಅರ್ಜಿಯಲ್ಲಿ ಕನ್ನಡದಲ್ಲಿ ಹೆಸರು ತುಂಬಿದರೆ, ಸಲ್ಲಿಸಿದ ಮೇಲೆ ಸಿಗುವ ಪ್ರತಿಯನ್ನು ತೆರೆದು ಕೊನೆಯ ಅಕ್ಷರದವರೆಗೂ ಓದಿ. ತಪ್ಪಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ನೀವು ಟೈಪ್ ಮಾಡಿದ್ದು ಏನು, ಕಂಡದ್ದು ಏನು ಎಂದು ಎರಡನ್ನೂ ಬರೆದು ದೂರು ಕಳಿಸಿ. "ಕನ್ನಡ ಬರ್ತಿಲ್ಲ" ಎಂಬ ಒಂದು ಸಾಲಿನ ದೂರು ನಮ್ಮಂಥ ಡೆವಲಪರ್‌ಗಳಿಗೆ ಅರ್ಥವಾಗುವುದಿಲ್ಲ. "ಒತ್ತು ಕತ್ತರಿಸಿದೆ", "ಕೊನೆಯ ಎರಡು ಅಕ್ಷರ ಹೋಗಿದೆ" ಎಂದರೆ ತಪ್ಪು ಎಲ್ಲಿದೆ ಎಂದು ಬಹುಬೇಗ ಸಿಗುತ್ತದೆ. ಸಂಘ, ಶಾಲೆ, ಕಚೇರಿಯ ಸುತ್ತೋಲೆ ತಯಾರಿಸುವವರು ನೀವಾಗಿದ್ದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕಳಿಸುವ ಮೊದಲು ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಅಂಟಿಸಿ ನೋಡಿ.

ವೆಬ್‌ಸೈಟ್ ಕಟ್ಟುವವರಿಗೆ ನಮ್ಮ ಸಲಹೆ ಒಂದೇ. ಹೊಸ ಪುಟವನ್ನು ಜನರಿಗೆ ಬಿಡುವ ಮೊದಲು ಹೆಸರಿನ ಖಾನೆಯಲ್ಲಿ ‘ಮಲ್ಲೇಶ್ವರಂ’ ಎಂದು ತುಂಬಿ, ಉಳಿಸಿ, ಮತ್ತೆ ತೆರೆಯಿರಿ. ಎರಡು ಒತ್ತು, ಒಂದು ದೀರ್ಘ, ಒಂದು ಅನುಸ್ವಾರ ಎಲ್ಲವೂ ಆ ಒಂದೇ ಪದದಲ್ಲಿವೆ. ಅದು ಪೂರ್ತಿಯಾಗಿ ಮರಳಿ ಬಂದರೆ ಹೆಚ್ಚಿನ ಹೆಸರುಗಳೂ ಬರುತ್ತವೆ. ‘ಮಲ್ಲೇಶ’ ಎಂದು ಬಂದರೆ ಪುಟವನ್ನು ಇನ್ನೂ ಜನರಿಗೆ ಬಿಡಬೇಡಿ.